ಆಯಿ ಜಗಳಕ್ಕೆ ಹೊರಟ ಅಮಾವಾಸ್ಯೆ

ನನಗೊಂದು ಚಟವಿದೆ. ಊಟಕ್ಕೆ ಕೂತಾಗ ಲೋಟದ ನೀರು ತುಸು ಅಲುಗಿದರೂ ಸಾಕು, ಎಂಜಲು ಕೈಯಲ್ಲೇ ಎದ್ದು ಬೀದಿಗೆ ಹೋಗಿ ನಿಲ್ಲುತ್ತೇನೆ. ಈಗಿನ ನನ್ನ ಮನೆ ಮುಧೋಳದಲ್ಲಿ, ಕಬ್ಬಿನ ಲಾರಿಗಳು ಓಡಾಡುವ ರಸ್ತೆಯ ಮಗ್ಗುಲಲ್ಲೇ ಇದೆ. ಹೀಗಾಗಿ ಕಬ್ಬು ಕಡಿಯುವ ಕಾಲದಲ್ಲಿ ನಾನು ನೆಟ್ಟಗೆ ಕೂತು ಉಂಡದ್ದು ಕಡಿಮೆ. ಹೊರಗೆ ಹೋಗಿ, ಸೊಂಟಕ್ಕೆ ಕೈಕೊಟ್ಟು, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡುತ್ತೇನೆ. ಯಾವುದೋ ಲಾರಿಯ ಬೆನ್ನು ಕಾಣಿಸುತ್ತದೆ. ಒಳಗೆ ಬಂದರೆ ಸೊಸೆ ಸಾರು ಮತ್ತೆ ಬಿಸಿ ಮಾಡುತ್ತ, "ಭೂಕಂಪ ಹೋತೇನ್ರೀ ಅತ್ತಿ?" ಎಂದು ಕೇಳುತ್ತಾಳೆ.

ನೀವೂ ನಗಬಹುದು, ಅಡ್ಡಿಯಿಲ್ಲ. ಆದರೆ ಮುದುಕಿ ಜೀವದ ಆಸೆಗೆ ಹೊರಗೆ ಓಡುತ್ತಾಳೆ ಎಂದು ಮಾತ್ರ ತಿಳಿಯಬೇಡಿ. ಬೈಯಲು ಯಾರಾದರೂ ಸಿಕ್ಕಾರೇ ಎಂದು ನೋಡಲು ಹೋಗುತ್ತೇನೆ. ನಮ್ಮ ಮನೆತನದಲ್ಲಿ ಭೂಕಂಪಕ್ಕೆ ಎದುರಾಗುವ ಪದ್ಧತಿಯೇ ಹಾಗೆ. ಆ ಪದ್ಧತಿ ಹಾಕಿಕೊಟ್ಟವಳು ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಗಂಗವ್ವ.

ನಾನು ಹುಟ್ಟಿದ್ದು ಬನಹಟ್ಟಿಯ ನೇಕಾರರ ಓಣಿಯಲ್ಲಿ. ಸಂಸ್ಥಾನ ಹೋಗಿ ಮುಂಬೈ ರಾಜ್ಯ ಬಂದ ಹೊಸತು ಅದು. ಆದರೆ ನಮ್ಮ ಓಣಿಯಲ್ಲಿ ರಾಜ್ಯ ಯಾವುದು ಬಂದರೂ ಬೆಳಗಾಗುವುದು ಮಗ್ಗದ ಸಪ್ಪಳದಿಂದಲೇ. ಮನೆಯ ಪಡಸಾಲೆಯಲ್ಲಿ ಕುಣಿ ತೋಡಿ ಮಗ್ಗ ಹೂಡಿರುತ್ತಿದ್ದರು. ಅಪ್ಪ ಆ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಲಾಳಿ ಎಳೆಯುತ್ತಿದ್ದ. ಅವ್ವ ರಾಟೆಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನಾನು ಸುತ್ತಿದ ಕಂಡಿಕೆಗಳು ಲಾಳಿಯೊಳಗೆ ಹೋದ ಕೂಡಲೇ ಸಿಕ್ಕು ಬೀಳುತ್ತಿದ್ದವು. ಅಪ್ಪ ಕಾಲಿನಿಂದ ಮಣೆ ತುಳಿಯುವುದನ್ನು ನಿಲ್ಲಿಸಿ, "ಈ ಕಂಡಿಕಿ ಯಾವ ಮಹಾರಾಣಿ ಸುತ್ಯಾಳ?" ಎನ್ನುತ್ತಿದ್ದ. ಮಹಾರಾಣಿ ಅಷ್ಟರಲ್ಲಿ ಹಿತ್ತಲಿಗೆ ಹೋಗಿರುತ್ತಿದ್ದಳು.

ಮಗ್ಗದ ಮನೆಯಲ್ಲಿ ಬೆಳೆದವರಿಗೆ ನೆಲ ಅಲುಗುವುದು ದೊಡ್ಡ ಸುದ್ದಿಯಲ್ಲ. ಮಗ್ಗದ ಹಲಗೆ ಬಡಿದ ಏಟೇಟಿಗೂ ಗೋಡೆಯ ಮಾಡದೊಳಗಿನ ದೀಪದ ಬುಡ್ಡಿ ಅಲುಗುತ್ತದೆ, ನೀರಿನ ಕೊಡದ ಮುಚ್ಚಳ ಅಲುಗುತ್ತದೆ, ಮಲಗಿದವರ ಹಲ್ಲೂ ಅಲುಗುತ್ತವೆ. ಬೇರೆ ಊರಿನ ನೆಂಟರು ಬಂದರೆ ಎರಡು ದಿನ ನಿದ್ದೆಗೆಡುತ್ತಿದ್ದರು. ನಾವು ನೆಂಟರ ಊರಿಗೆ ಹೋದರೆ ಅಲ್ಲಿಯ ನೆಲದ ಗಟ್ಟಿತನಕ್ಕೆ ನಿದ್ದೆ ಬರುತ್ತಿರಲಿಲ್ಲ.

ಇಷ್ಟರಲ್ಲಿ ಪಕ್ಕದ ಮನೆಯ ಮಲ್ಲಪ್ಪ ಕಾಕಾ ಮಷೀನ್ ಮಗ್ಗ ತಂದ. ನಮ್ಮ ಎರಡೂ ಮನೆಗಳು ಮಣ್ಣಿನ ಮಾಳಿಗೆಯವು, ನಡುವೆ ಒಂದೇ ಗೋಡೆ. ಆ ಕಡೆ ಸೀನಿದರೆ ಈ ಕಡೆಯವರು 'ನೂರು ವರ್ಷ' ಎನ್ನುವಷ್ಟು ಹತ್ತಿರ. ಇಚಲಕರಂಜಿಯಿಂದ ಎತ್ತಿನ ಗಾಡಿಯ ಮೇಲೆ ಮಗ್ಗಗಳೂ ಒಂದು ಎಣ್ಣೆ ಎಂಜಿನ್ನೂ ಬಂದಿಳಿದಾಗ ಇಡೀ ಓಣಿ ಬಂದು ನಿಂತಿತ್ತು. ಕಾಕಾ ಎಂಜಿನ್ನಿಗೆ ಹೂಮಾಲೆ ಹಾಕಿ, ಹಣೆ ಎಲ್ಲಿ ಎಂದು ಹುಡುಕಿ, ಕಡೆಗೆ ಎಣ್ಣೆ ಹಾಕುವ ಮುಚ್ಚಳಕ್ಕೇ ವಿಭೂತಿ ಹಚ್ಚಿದ. ಹ್ಯಾಂಡಲ್ ತಿರುವಿದ. ಎಂಜಿನ್ ಕೆಮ್ಮಿತು, ಕರಿ ಹೊಗೆ ಉಗುಳಿತು, ಆಮೇಲೆ ಡುಗು ಡುಗು ಡುಗು ಎಂದು ಶುರುವಾದದ್ದು ಸಂಜೆತನಕ ನಿಲ್ಲಲಿಲ್ಲ.

ಆಯಿಗೂ ಎಂಜಿನ್ನಿಗೂ ಅಂದಿನಿಂದಲೇ ಹಗೆತನ. "ನೂಲು ಅಂದ್ರ ಕೈಯಾಗ ಹಿಡದು ನೇಯೂದು. ಹೊಗಿ ಬಿಟ್ಟು ನೇಯ್ದದ್ದು ಸೀರಿ ಹೆಂಗ ಆಕ್ಕೈತಿ?" ಎಂದು ಮೊದಮೊದಲು ಗೊಣಗಿದಳು. ಗೊಣಗುವಿಕೆಗೆ ಕಾಕಾ ಬಗ್ಗಲಿಲ್ಲ. ಆಗ ಅವಳು ಗೋಡೆಯನ್ನು ಹಿಡಿದುಕೊಂಡಳು.

ನಡುಗೋಡೆಯಲ್ಲಿ ಒಂದು ಬಿರುಕಿತ್ತು. ನಾನು ಕಣ್ಣು ಬಿಟ್ಟಾಗಿನಿಂದ ನೋಡಿದ್ದೆ, ಅದರೊಳಗೆ ಕವಡೆ ಬಚ್ಚಿಡುತ್ತಿದ್ದೆ. ಆದರೆ ಆಯಿಯ ಪ್ರಕಾರ ಅದು ಎಂಜಿನ್ ಬಂದ ಮೇಲೆ ಹುಟ್ಟಿದ್ದು. ದಿನಾ ಬೆಳಿಗ್ಗೆ ಸುಣ್ಣದ ಡಬ್ಬಿಯಿಂದ ಬೆರಳಿಗೆ ಸುಣ್ಣ ಹಚ್ಚಿಕೊಂಡು ಬಿರುಕು ಎಲ್ಲಿತನಕ ಬಂದಿದೆ ಎಂದು ಗುರುತು ಹಾಕುವಳು. ಅವಳ ಕಣ್ಣು ಮಂಜು, ಕೈ ನಡುಕ. ಕೆಲವೇ ದಿನಗಳಲ್ಲಿ ಸುಣ್ಣದ ಗೆರೆ ಬಿರುಕನ್ನು ದಾಟಿ ಎಷ್ಟೋ ಮುಂದೆ ಹೋಗಿಬಿಟ್ಟಿತು. "ಯವ್ವಾ, ಗ್ವಾಡಿಗಿಂತ ಜ್ವಾರಾಗಿ ನೀನ ಸೀಳಾಕತ್ತೀ," ಎಂದು ಅಪ್ಪ ನಕ್ಕ. ಆಯಿ ಎರಡು ದಿನ ಅಪ್ಪನೊಂದಿಗೆ ಮಾತಾಡಲಿಲ್ಲ.

ಅವಳಿಗೆ ಅದು ನಗುವ ಮಾತಾಗಿರಲಿಲ್ಲ. ಅಕ್ಕ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು, ಅವಳ ಕೂಸಿನ ತೊಟ್ಟಿಲು ತೂಗುತ್ತಿದ್ದದ್ದು ಆ ಗೋಡೆಯ ಪಕ್ಕದ ತೊಲೆಗೆ. ಆಯಿಗೆ ಅದು ಮೊದಲ ಮರಿಮೊಮ್ಮಗು. "ಕೂಸಿನ ಮ್ಯಾಲ ಗ್ವಾಡಿ ಬೀಳತೈತಿ, ಅವನ ಮಷೀನ್ ಕೂಸಿಗೆ ನಿದ್ದಿ ಮಾಡಾಕ ಬಿಡವಲ್ದು," ಎಂದು ಸಿಕ್ಕಸಿಕ್ಕವರ ಮುಂದೆ ಹೇಳಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಡೆಗೆ ಓಣಿಯ ಹಿರಿಯರನ್ನೇ ಕರೆಸಿದಳು. ಹಿರಿಯರು ಚಹಾ ಕುಡಿದರು, ಎಲೆ ಅಡಿಕೆ ಹಾಕಿಕೊಂಡರು. ಅವರಲ್ಲಿ ಎಲ್ಲರಿಗಿಂತ ದೊಡ್ಡವನಾದ ಬಸಪ್ಪಜ್ಜ ಗೋಡೆಗೆ ಬೆನ್ನು ಕೊಟ್ಟು ಒಂದು ಸಲ ಒತ್ತಿದ, ಎರಡು ಸಲ ಒತ್ತಿದ.

"ಕಲ್ಲಾಗೇತಿ ಗ್ವಾಡಿ. ನಿನ್ನ ಮರಿಮೊಮ್ಮಗನ ಮರಿಮೊಮ್ಮಗಗೂ ಬರತೈತಿ. ಸುಮ್ಮ ಮನಗು ಗಂಗವ್ವಾ," ಎಂದ.

ಮಲ್ಲಪ್ಪ ಕಾಕಾ ಮೀಸೆಯಲ್ಲೇ ನಕ್ಕ. ಆಯಿ ಆ ದಿನ ಉಣ್ಣಲಿಲ್ಲ. ರಾತ್ರಿ ಅವಳ ಪಕ್ಕ ಮಲಗಿದ್ದಾಗ ನನ್ನ ತಲೆ ನೇವರಿಸುತ್ತ, "ಈ ಮನ್ಯಾಗ ನನ್ನ ಮಾತು ಬಾಡಿದ ಹೂವಾತು ನೋಡವ್ವಾ," ಎಂದಳು. ಹಗಲೆಲ್ಲ ಗುಡುಗುವ ಮುದುಕಿ ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದು ಕೇಳಿ ನನಗೆ ಅಳು ಬಂತು. ಅವಳಿಗೆ ಬೇಕಾಗಿದ್ದದ್ದು ಗೋಡೆಯ ನ್ಯಾಯವೊಂದೇ ಆಗಿರಲಿಲ್ಲ. ಇಷ್ಟು ವರ್ಷ ಅವಳು ಒಂದು ಕೂಗು ಹಾಕಿದರೆ ಮಗ್ಗ ನಿಲ್ಲುತ್ತಿತ್ತು. ಈಗ ಎಂಜಿನ್ ನಿಲ್ಲುತ್ತಿರಲಿಲ್ಲ.

ಇಲ್ಲೊಂದು ಮಾತು ಹೇಳಬೇಕು. ಕೂಸಿನ ನಿದ್ದೆಯ ವಿಷಯದಲ್ಲಿ ಆಯಿ ಹೇಳುತ್ತಿದ್ದದ್ದು ಖರೆ ಇರಲಿಲ್ಲ. ಎಂಜಿನ್ ಡುಗುಡುಗು ಎನ್ನುವಷ್ಟು ಹೊತ್ತೂ ಕೂಸು ಹಾಯಾಗಿ ಮಲಗಿರುತ್ತಿತ್ತು. ಸಂಜೆ ಕಾಕಾ ಎಂಜಿನ್ ನಿಲ್ಲಿಸಿದ ಕೂಡಲೇ ಎದ್ದು ಸೂರು ಹಾರಿಹೋಗುವಂತೆ ಅಳುತ್ತಿತ್ತು. ಇದು ಅಕ್ಕನಿಗೆ ಗೊತ್ತಿತ್ತು, ಅವ್ವನಿಗೆ ಗೊತ್ತಿತ್ತು, ತೊಟ್ಟಿಲು ತೂಗಿ ತೂಗಿ ಕೈಸೋತ ನನಗಂತೂ ಚೆನ್ನಾಗಿ ಗೊತ್ತಿತ್ತು. ಆದರೆ ಆಯಿಯ ಮುಂದೆ ಬಾಯಿ ಬಿಡುವ ಧೈರ್ಯ ಯಾರಿಗಿತ್ತು?

ನೇಕಾರರಿಗೆ ಅಮಾವಾಸ್ಯೆ ಎಂದರೆ ಸೂಟಿ. ಅಂದು ಮಗ್ಗಕ್ಕೆ ಕೈ ಹಚ್ಚುವಂತಿಲ್ಲ. ಮೈತೊಳೆದುಕೊಂಡು, ಮಗ್ಗಕ್ಕೆ ವಿಭೂತಿ ಕುಂಕುಮ ಇಟ್ಟು, ಕಾಯಿ ಒಡೆದು, ಹೋಳಿಗೆಯ ಎಡೆ ಹಿಡಿದು, ಆಮೇಲೆ ಮನೆಮಂದಿಯೆಲ್ಲ ಸಾಲಾಗಿ ಕೂತು ಉಣ್ಣಬೇಕು. ಅಮಾವಾಸ್ಯೆಯ ದಿನ ಲಾಳಿ ಮುಟ್ಟಿದವನ ಮನೆಯಲ್ಲಿ ಓಣಿಯವರು ನೀರು ಸಹ ಕುಡಿಯುತ್ತಿರಲಿಲ್ಲ. ಇಡೀ ಬನಹಟ್ಟಿ ಸುಮ್ಮನಾಗುವ ಆ ದಿನ ನಮ್ಮ ಕಿವಿಗಳಿಗೆ ಏನೋ ಕಳೆದುಕೊಂಡಂತಾಗುತ್ತಿತ್ತು.

ಆ ಅಮಾವಾಸ್ಯೆಯೂ ಹಾಗೇ ಸುಮ್ಮನಿತ್ತು, ನಮ್ಮ ಕೂಸೊಂದನ್ನು ಬಿಟ್ಟು. ಎಂಜಿನ್ ಇಲ್ಲವಲ್ಲ, ಬೆಳಗಿನಿಂದ ಒಂದೇ ಸಮ ಅಳುತ್ತಿತ್ತು. ಅಪ್ಪ ನಡುಗೋಡೆಗೆ ಬೆನ್ನು ಹಚ್ಚಿ ಉಣ್ಣಲು ಕೂತಿದ್ದ, ಪಕ್ಕದಲ್ಲಿ ನಾನು. ಅಕ್ಕ ತೊಟ್ಟಿಲ ಹತ್ತಿರ. ಅವ್ವ ಬಡಿಸುತ್ತಿದ್ದಳು. ಆಯಿ ನನ್ನ ಎದುರು ಕೂತು ಹೋಳಿಗೆಗೆ ತುಪ್ಪ ಸುರಿದುಕೊಂಡಿದ್ದಳಷ್ಟೆ.

ಆಗ ಲೋಟದ ನೀರು ಅಲುಗಿತು. ಮಾಡದೊಳಗಿನ ಬುಡ್ಡಿ ಕಟಕಟ ಎಂದಿತು. ಕೆಳಗಿನಿಂದ ಗುರ್ರ್ ಎಂಬ ಸದ್ದು ಬಂತು, ಕೂತ ಮಣೆಗಳು ನಡುಗಿದವು, ಮಾಳಿಗೆಯಿಂದ ಒಂದು ಹಿಡಿ ಮಣ್ಣು ಸರಿಯಾಗಿ ಆಯಿಯ ಹೋಳಿಗೆಯ ಮೇಲೆ ಬಿತ್ತು. ಅಷ್ಟೇ, ನಿಂತುಹೋಯಿತು. ಕೂಸು ಗಪ್ಪನೆ ಅಳು ನಿಲ್ಲಿಸಿತು.

ಬೇರೆ ಊರಿನವರಾಗಿದ್ದರೆ ಶಿವ ಶಿವ ಎಂದು ಓಡುತ್ತಿದ್ದರೋ ಏನೋ. ನಮ್ಮ ಮನೆಯಲ್ಲಿ ಒಬ್ಬರಿಗೂ ಭೂಮಿಯ ಮೇಲೆ ಸಂಶಯ ಬರಲಿಲ್ಲ. ಅಪ್ಪ ಕೂಡ ಸಾರು ಹೀರುತ್ತ, "ಮಲ್ಲಪ್ಪ ಎಂಜಿನ್ ತಿರುವಿ ನೋಡಾಕತ್ತಾನ ಕಾಣ್ತೈತಿ," ಎಂದ.

ಆಯಿ ಹೋಳಿಗೆಯ ಮೇಲಿನ ಮಣ್ಣು ನೋಡಿದಳು. ಗೋಡೆ ನೋಡಿದಳು. ಆಮೇಲೆ ಅವಳ ಮುಖದ ಮೇಲೆ ಬಂದ ಬೆಳಕನ್ನು ನಾನು ಇಂದಿಗೂ ಮರೆತಿಲ್ಲ. ಶತ್ರು ತಾನಾಗಿಯೇ ಬಂದು ಸಿಕ್ಕಿಬಿದ್ದಿದ್ದ!

"ಅಮಾಸಿ ದಿನ ಮಷೀನ್ ಹಚ್ಯಾನ! ಸುಡಗಾಡ ಮಂದಿ! ಏಳ್ರಿ ಎಲ್ಲಾರೂ. ಇವತ್ತ ಸಾಕ್ಷಿ ಸಮೇತ ಹಿಡೀತೀನಿ."

"ಯವ್ವಾ, ಉಂಡು ಹೋಗೂಣು. ಎಡಿ ಬಿಟ್ಟು ಏಳಬಾರದು," ಎಂದ ಅಪ್ಪ.

"ಎಡಿ ಮ್ಯಾಲ ಮಣ್ಣ ಬಿದ್ದೈತಿ, ಕಣ್ಣ ಕಾಣ್ಸೂದಿಲ್ಲೇನ ನಿನಗ? ಮನಿಯಾಗ ಒಬ್ಬರೂ ಉಳೀಬ್ಯಾಡ್ರಿ. ಆ ಬಸಪ್ಪಗ ಒಬ್ಬರ ಮಾತು ಸಾಲೂದಿಲ್ಲ."

ಅವ್ವ ಸೌಟು ಹಿಡಿದುಕೊಂಡೇ ಅಡ್ಡ ಬಂದಳು. "ಅತ್ತೀ, ಬಾಣಂತಿ ಅಮಾಸಿ ದಿನ ಹೊಸ್ತಲಾ ದಾಟಬಾರದ್ರಿ. ಆಕಿ ಇರಲಿ."

"ಆಕಿ ಇರಲಿ ಬಿಡು. ಕೂಸಿನ ತಾ ಇತ್ತಾಗ. ಮಷೀನ್ ಸಪ್ಪಳಕ್ಕ ಅಂಜಿ ಕೂಸಿನ ದನಿನ ಅಡಗೇತಿ. ಇದ ನನ್ನ ದೊಡ್ಡ ಸಾಕ್ಷಿ!"

ಹೀಗೆಂದವಳೇ ತೊಟ್ಟಿಲಿಗೆ ಕೈಹಾಕಿ ಕೂಸನ್ನು ಎತ್ತಿ ಎದೆಗವಚಿಕೊಂಡು ನಡೆದೇಬಿಟ್ಟಳು. ಕೂಸು ಹೋದ ಮೇಲೆ ಹೆತ್ತವಳು ನಿಂತಾಳೆಯೇ? ಅಕ್ಕ ತಲೆಗೆ ಕಟ್ಟಿದ ಅರಿವೆ ಬಿಚ್ಚಿಹೋಗುತ್ತಿದ್ದರೂ ಲೆಕ್ಕಿಸದೆ, "ಆಯೀ, ಗಾಳಿ ಬಡೀತೈತಿ ಕೂಸಿಗಿ!" ಎನ್ನುತ್ತ ಹಿಂದೆ ಓಡಿದಳು. ಅಕ್ಕನನ್ನು ಹಿಡಿಯಲು ಅವ್ವ, ಅವ್ವನ ಹಿಂದೆ ಎಂಜಲು ಕೈಯ ಅಪ್ಪ, ಎಲ್ಲರ ಹಿಂದೆ ಹೋಳಿಗೆ ಕಚ್ಚಿಕೊಂಡ ನಾನು.

ಆಯಿ ಜಗಳಕ್ಕೆ ನಿಲ್ಲುವುದನ್ನು ನೀವು ನೋಡಬೇಕಿತ್ತು. ಮೊದಲು ಸೆರಗನ್ನು ಸೊಂಟಕ್ಕೆ ಸಿಗಿಸಬೇಕು. ಆಮೇಲೆ ಓಣಿಯ ಎರಡೂ ತುದಿಗಳನ್ನು ನೋಡಿ ಕೇಳುವ ಜನ ಎಷ್ಟಿದ್ದಾರೆ ಎಂದು ಅಂದಾಜು ಹಾಕಬೇಕು. ಅಂದು ಒಂದು ಕೈಯಲ್ಲಿ ಕೂಸಿದ್ದದ್ದರಿಂದ ಉಳಿದ ಕೈಗೆ ಎರಡರ ಕೆಲಸ ಬಿತ್ತು.

"ಲೇ ಮಲ್ಲಾ! ಹೊರಗ ಬಾರೋ! ನಿನ್ನ ಹೇಣ್ತಿ ಮಕ್ಕಳನ್ನೂ ಕರಕೊಂಡು ಬಾ! ಅಮಾಸಿ ಮುರದ ಮನಿಯಾವರ ಮಾರಿ ಓಣ್ಯಾವ್ರೆಲ್ಲಾ ನೋಡ್ಲಿ!"

ಅಮಾವಾಸ್ಯೆ ಮುರಿದ ಎಂಬ ಮಾತು ನೇಕಾರನಿಗೆ ಎಂಥದ್ದು ಎಂಬುದು ನೇಕಾರನಿಗೇ ಗೊತ್ತು. ಕಾಕಾ ಉಣ್ಣುವುದನ್ನು ಬಿಟ್ಟು ಬೆಂಕಿಯಾಗಿ ಹೊರಗೆ ಬಂದ. ಕಾಕಿ ಬಂದಳು. ಅವರ ಮಕ್ಕಳೆಲ್ಲ ಬಂದರು. ಕಾಕಾ ಉಡಿದಾರಕ್ಕೆ ಕಟ್ಟಿದ್ದ ಬೀಗದ ಕೈ ಎಳೆದು ಆಯಿಯ ಮುಖದ ಮುಂದೆ ಹಿಡಿದ.

"ಮಷೀನ್ ಖೋಲಿಗೆ ನಿನ್ನೆ ಸಂಜಿಗೇ ಕೀಲಿ ಹಾಕೇನಿ. ಇಲ್ಲಿ ನೋಡು ಕೀಲಿಕೈ. ಹಿರ್ಯಾಕಿ ಅಂತ ಸುಮ್ಮನದೀನಿ ಆಯಿ, ಅಮಾಸಿ ಮುರದೆ ಅಂದ್ರ ಸುಮ್ಮನಿರಾವ ಅಲ್ಲ ನಾ!"

"ಹಂಗಾದ್ರ ನನ್ನ ಎಡಿಗೆ ಮಣ್ಣ ಹೆಂಗ ಬಿತ್ತು?"

"ನಮ್ಮ ಎಡಿಗೂ ಬಿದ್ದೈತಿ! ನೀವ ಮಗ್ಗ ಹೊಡ್ಯಾಕತ್ತೀರಿ ಅಂತ ನಾ ತಿಳದಿದ್ದೆ!"

ಓಣಿಯ ಜನ ಕಟ್ಟೆಗಳಿಗೆ ಬಂದು ನಿಂತರು. ಬಸಪ್ಪಜ್ಜ ಕೋಲೂರಿಕೊಂಡು ಬಂದ. ಅವನು ಇನ್ನೇನು "ತಂಗೀ" ಎಂದು ಬಾಯಿ ತೆರೆಯಬೇಕು, ಕಾಲ ಕೆಳಗಿನ ನೆಲ ಸರಿಯಿತು.

ಈ ಸಲದ್ದು ಮೊದಲಿನಂತಲ್ಲ. ಯಾರೋ ಹಾಸಿದ ಜಮಖಾನೆಯ ಎರಡೂ ಚುಂಗು ಹಿಡಿದು ಜಾಡಿಸಿದಂತಾಯಿತು. ನಾನು ಅವ್ವನ ಸೀರೆ ಹಿಡಿದೆ, ಅವ್ವ ಅಪ್ಪನ ತೋಳು ಹಿಡಿದಳು, ಬಸಪ್ಪಜ್ಜ ಕೋಲು ಬಿಟ್ಟು ಕಾಕಾನನ್ನು ತಬ್ಬಿಕೊಂಡ. ಆಯಿ ಕೂಸನ್ನು ಹೊಟ್ಟೆಯೊಳಗೇ ಹಾಕಿಕೊಳ್ಳುವವಳಂತೆ ಅವಚಿ ಹಿಡಿದು, ಕಾಲಗಲಿಸಿ ನಿಂತು, ಎದುರಿಗಿದ್ದ ಕಾಕಾನನ್ನೂ ಅವನ ಕೈಯೊಳಗಿನ ಕೀಲಿಯನ್ನೂ ನೋಡಿ ಕೇಳಿದಳು:

"ಓಣ್ಯಾಗೂ ಎಂಜಿನ್ ಹುಗದೀಯೇನೋ ಮಲ್ಲಾ?"

ಅವಳ ಮಾತು ಮುಗಿಯುವುದಕ್ಕೂ ಒಳಗಿನಿಂದ ಧಡಲ್ ಎಂಬ ಸದ್ದು ಬರುವುದಕ್ಕೂ ಸರಿಹೋಯಿತು. ಎರಡೂ ಮನೆಗಳ ಬಾಗಿಲಿನಿಂದ ಕೆಂಪು ಧೂಳು ಬುಸ್ಸೆಂದು ಹೊರಬಂತು. ಆಮೇಲೆ ಎಲ್ಲ ನಿಂತಿತು.

ಮಲ್ಲಪ್ಪ ಕಾಕಾ ಸಾಕಿದ ಮುಧೋಳ ನಾಯಿಯೊಂದಿತ್ತು. ಆ ಜಾತಿಯ ನಾಯಿಗೆ ಎಲ್ಲ ಮೊದಲೇ ತಿಳಿಯುತ್ತದೆ ಎಂದು ಕಾಕಾ ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದ. ಅದು ಎದುರುಮನೆಯ ಕಟ್ಟೆಯ ಮೇಲೆ ಮಲಗಿತ್ತು. ಆಗ ಎದ್ದು ಮೈಮುರಿದು, ಧೂಳಿಗೆ ಒಂದು ಸಲ ಸೀನಿ, ಮತ್ತೆ ಮಲಗಿತು.

ಅಪ್ಪನೂ ಕಾಕಾನೂ ಧೂಳು ಇಳಿದ ಮೇಲೆ ಬಾಗಿಲಲ್ಲಿ ನಿಂತು ಇಣುಕಿದರು. ನಡುಗೋಡೆ ಇರಲಿಲ್ಲ. ನಮ್ಮ ಪಡಸಾಲೆಯಿಂದ ಅವರ ಪಡಸಾಲೆ ಕಾಣುತ್ತಿತ್ತು. ಅಪ್ಪ ಬೆನ್ನು ಹಚ್ಚಿ ಕೂತ ಜಾಗದಲ್ಲಿ ಆಳೆತ್ತರದ ಮಣ್ಣು. ಅವರ ಮಕ್ಕಳು ಉಣ್ಣುತ್ತಿದ್ದ ಜಾಗದಲ್ಲೂ ಅಷ್ಟೇ ಮಣ್ಣು. ಅದರೊಳಗಿನಿಂದ ತೊಟ್ಟಿಲ ಹಗ್ಗ ಒಂದಿಷ್ಟು ಹೊರಗೆ ಕಾಣುತ್ತಿತ್ತು, ತೊಟ್ಟಿಲು ಕಾಣುತ್ತಿರಲಿಲ್ಲ.

ಅಕ್ಕ ಆ ಹಗ್ಗ ನೋಡಿದವಳೇ ನೆಲಕ್ಕೆ ಕುಸಿದಳು. ಅಪ್ಪ ಹಣೆ ಹಿಡಿದುಕೊಂಡು ಹಾಗೇ ಕಟ್ಟೆಗೆ ಕೂತ. ನಾನು ಅಪ್ಪ ಅತ್ತದ್ದನ್ನು ನೋಡಿದ್ದು ಅಂದೇ ಮೊದಲು. ಮಲ್ಲಪ್ಪ ಕಾಕಾ ಒಳಗೊಮ್ಮೆ ತನ್ನ ಮಕ್ಕಳ ತಟ್ಟೆಗಳಿದ್ದ ಜಾಗ ನೋಡಿದ, ಹೊರಗೊಮ್ಮೆ ಮಕ್ಕಳನ್ನು ನೋಡಿದ. ನಡೆದುಬಂದು, ಓಣಿಯ ಮಣ್ಣಿನಲ್ಲಿ ಉದ್ದಕ್ಕೆ ಬಿದ್ದು ಆಯಿಯ ಎರಡೂ ಪಾದ ಹಿಡಿದ.

"ಇನ್ನೂ ಬೈ ಆಯಿ, ಬೈ. ನೀ ಬೈದಿದ್ದಕ್ಕ ನಮ್ಮ ಜೀವ ಉಳದಾವು."

ಕಾಲು ಹಿಡಿದವನನ್ನು ಹೇಗೆ ಬೈಯಬೇಕು ಎಂಬುದು ಆಯಿಗೆ ಗೊತ್ತಿರಲಿಲ್ಲ. ಆಮೇಲೆ ಬಸಪ್ಪಜ್ಜನ ಕಡೆ ತಿರುಗಿದಳು. ಅವನು ಬೇರೆಲ್ಲೋ ನೋಡುತ್ತಿದ್ದ.

"ಹೋಗು ಬಸಪ್ಪಾ," ಎಂದಳು ಆಯಿ, ಮೆತ್ತಗೆ. "ಈಗ ಬೆನ್ನ ಹಚ್ಚು ಆ ಗ್ವಾಡಿಗಿ."

ಓಣಿಗೆ ಓಣಿಯೇ ನಕ್ಕಿತು. ನಗುತ್ತ ನಗುತ್ತ ಎಷ್ಟೋ ಜನ ಕಣ್ಣೊರೆಸಿಕೊಂಡರು. ಅಮಾವಾಸ್ಯೆಯಾದ್ದರಿಂದ ಎಲ್ಲ ಮನೆಗಳಲ್ಲೂ ಹೋಳಿಗೆ ಆಗಿತ್ತು. ಮನೆಯೊಳಗೆ ಕೂತು ಉಣ್ಣುವ ಧೈರ್ಯ ಯಾರಿಗೂ ಇರಲಿಲ್ಲವಾಗಿ ಗಂಡಸರು ಓಡಿ ಓಡಿ ಒಳಹೊಕ್ಕು ಬುಟ್ಟಿ ಬೋಗುಣಿ ತಂದು ಓಣಿಯಲ್ಲೇ ಇಟ್ಟರು. ಬೇವಿನ ಗಿಡದ ಬುಡದಲ್ಲಿ ಪಂಕ್ತಿ ಹಾಕಿದರು. ನಡುವೆ ಹೊರಸು ಹಾಕಿ ಆಯಿಯನ್ನು ಕೂಡಿಸಿದರು. ಅಕ್ಕ ಕೂಸಿಗೆ ಹಾಲೂಡಿಸುತ್ತ ಆಯಿಯ ಕಾಲಿಗೊರಗಿ ಕೂತಿದ್ದಳು. ಅಷ್ಟು ಮನೆಗಳ ಹೋಳಿಗೆಯನ್ನು ಒಟ್ಟಿಗೆ ಉಂಡ ಊಟ ನನ್ನ ಜನ್ಮದಲ್ಲಿ ಇನ್ನೊಂದಿಲ್ಲ. ನಾನಂತೂ ಭೂಕಂಪ ತಿಂಗಳಿಗೊಮ್ಮೆ ಆದರೆ ಒಳ್ಳೆಯದು ಎಂದುಕೊಂಡೆ.

ಮುಂದಿನ ದಿನಗಳಲ್ಲಿ ರಬಕವಿಯಿಂದ, ಚಿಮ್ಮಡದಿಂದ ಜನ ಗೋಡೆ ನೋಡಲು ಬಂದರು, ಆಯಿಯನ್ನು ನೋಡಿ ಹೋದರು. ಕೆಲವರು ಕಾಯಿಯನ್ನೂ ತಂದಿದ್ದರು. ಅದು ಭೂಮಿ ನಡುಗಿದ್ದು ಎಂದು ಅಪ್ಪ ಎಷ್ಟು ತಿಳಿಸಿ ಹೇಳಿದರೂ ಆಯಿ ಪೂರ್ತಿ ಒಪ್ಪಲಿಲ್ಲ. "ಭೂಮಿ ನಡಗಿದ್ದು ಖರೆ. ಆದ್ರ ನಡಗೂದು ಕಲಿಸಿದವರು ಯಾರು?" ಎನ್ನುತ್ತಿದ್ದಳು.

ಎರಡೂ ಮನೆಯವರು ಕೂಡಿ ಕಲ್ಲಿನ ಗೋಡೆ ಕಟ್ಟಿಸಿದರು. ಆಯಿ ಹೊರಸಿನ ಮೇಲೆ ಕೂತು ಒಂದೊಂದು ಕಲ್ಲನ್ನೂ ಬಡಿದು ನೋಡಿಸಿದಳು. ಕಾಕಾ ತಾನಾಗಿಯೇ ಎಂಜಿನ್ನನ್ನು ಗೋಡೆಯಿಂದ ದೂರ, ಹಿತ್ತಲಿನ ಹೊಸ ಛಪ್ಪರಕ್ಕೆ ಸಾಗಿಸಿದ. ಸಾಗಿಸಿದನೇ ಹೊರತು ಹಚ್ಚಲಿಲ್ಲ. "ಆಯಿ ಅಪ್ಪಣಿ ಕೊಡೂತನಕ ಹ್ಯಾಂಡಲ್ ಮುಟ್ಟೂದಿಲ್ಲ," ಎಂದು ಕೂತುಬಿಟ್ಟ. ಆಯಿ ಗೆದ್ದಿದ್ದಳು. ಓಣಿ ತಣ್ಣಗಿತ್ತು.

ಆದರೆ ಕೂಸು ಮಲಗಲಿಲ್ಲ. ಹೊಸ ತೊಟ್ಟಿಲು ಬಂತು, ಜೋಗುಳ ಹಾಡಿದ್ದಾಯಿತು, ದೃಷ್ಟಿ ತೆಗೆದದ್ದಾಯಿತು. ಹಗಲೂ ಅಳು, ರಾತ್ರಿಯೂ ಅಳು. ಆಯಿ ಹೆಗಲ ಮೇಲೆ ಹಾಕಿಕೊಂಡು ಪಡಸಾಲೆಯ ತುಂಬ ತಿರುಗಿದಳು. ತಿರುಗಿ ತಿರುಗಿ ಸುಸ್ತಾಗಿ, ಒಂದು ಮಧ್ಯಾಹ್ನ ಗಕ್ಕನೆ ನಿಂತು ನನ್ನ ಕಡೆ, ಅವ್ವನ ಕಡೆ, ಅಕ್ಕನ ಕಡೆ ನೋಡಿದಳು. ನಾವು ಮೂವರೂ ತಲೆ ತಗ್ಗಿಸಿದೆವು. ಅವಳಿಗೆ ತಿಳಿದುಹೋಯಿತು.

ಕೂಸನ್ನು ಅಕ್ಕನ ಮಡಿಲಿಗೆ ಕೊಟ್ಟಳು. ಸೆರಗನ್ನು ಸೊಂಟಕ್ಕೆ ಸಿಗಿಸಿದಳು. ಓಣಿಗೆ ಹೋಗಿ ನಿಂತು, ಎರಡೂ ತುದಿ ನೋಡಿ, ಅದೇ ಹಳೆಯ ದನಿಯಲ್ಲಿ ಕೂಗಿದಳು.

"ಲೇ ಮಲ್ಲಾ! ಹೊರಗ ಬಾರೋ!"

ಬಾಗಿಲುಗಳು ದಡದಡ ತೆರೆದವು. ಕಾಕಾ ಬಂದ, ಕಾಕಿ ಬಂದಳು, ಮಕ್ಕಳು ಬಂದವು. ಎದುರುಮನೆಯವರು ಬಂದರು, ಓಣಿಯ ತುದಿಮನೆಯವರು ಬಂದರು. ಮಗ್ಗಗಳು ನಿಂತವು, ಒಲೆಯ ಮೇಲಿನ ರೊಟ್ಟಿ ಒಲೆಯ ಮೇಲೇ ಉಳಿಯಿತು. ಮಗುವನ್ನು ಎತ್ತಿಕೊಂಡವರು, ಎಂಜಲು ಕೈಯವರು, ಅರ್ಧ ಮೈತೊಳೆದುಕೊಂಡು ಪಂಚೆ ಸುತ್ತಿಕೊಂಡವರು. ಬಸಪ್ಪಜ್ಜ ಕೋಲನ್ನೂ ಮರೆತು ಎಲ್ಲರಿಗಿಂತ ಮೊದಲು ಬಂದು ನಡುಬೀದಿಯಲ್ಲಿ ನಿಂತಿದ್ದ. ಒಬ್ಬರೂ ಯಾಕೆ ಎಂದು ಕೇಳಲಿಲ್ಲ. ಗಂಗವ್ವ ಕರೆದಳು ಎಂದರೆ ಮನೆಯೊಳಗೆ ಇರಬಾರದು, ಅಷ್ಟೇ.

ಆಯಿ ಅಷ್ಟೂ ಜನರನ್ನು ಒಂದು ಸುತ್ತು ನೋಡಿದಳು. ಅವಳ ಕುತ್ತಿಗೆ ನೆಟ್ಟಗಾಯಿತು. ಒಂದೇ ಕೂಗಿಗೆ ಓಣಿಯ ಮಗ್ಗಗಳೆಲ್ಲ ನಿಂತಿದ್ದವು.

"ಏನ ನೋಡತೀಯೋ ಮಲ್ಲಾ?" ಎಂದಳು. "ಮಷೀನ್ ಹಚ್ಚು. ಕೂಸು ಮಲಗಬೇಕು."